ಸ್ವಂತ ವೈರಿಂಗ್ ಕೆಲಸ ಶುರು ಮಾಡ್ತಿದ್ದೀನಿ: 20 ಸಾವಿರದಲ್ಲಿ ಮೊದಲು ಏನು ತಗೊಳ್ಳಲಿ?

ಹಾಸನ_ಹುಡುಗ
ಎಲ್ರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಆಗಿದೆ, ವೈರ್‌ಮನ್ ಪರ್ಮಿಟ್ ಇದೆ. ಇಷ್ಟು ದಿನ ಮೇಸ್ತ್ರಿ ಟೂಲ್ಸಲ್ಲೇ ಕೆಲಸ, ಇನ್ಮೇಲೆ ಸ್ವಂತ. ಹೊಸ ಮನೆ ವೈರಿಂಗ್, ಜೊತೆಗೆ ಹಳೇ ಮನೆ ರಿಪೇರಿ. ಕೈಯಲ್ಲಿರೋದು ₹20,000. ಸದ್ಯದ ಲೆಕ್ಕ ಹೀಗಿದೆ: ರೋಟರಿ ಹ್ಯಾಮರ್ 7,000, ಮಾರ್ಬಲ್ ಕಟರ್ 4,500, ಕಾರ್ಡ್‌ಲೆಸ್ ಡ್ರಿಲ್ ಕಿಟ್ 5,500, ಉಳಿದ 3,000ದಲ್ಲಿ ಪ್ಲೇಯರ್, ಸ್ಕ್ರೂ ಡ್ರೈವರ್, ಟೆಸ್ಟರ್, ಮೀಟರ್ ಎಲ್ಲ. ಸರಿ ಇದೆಯಾ? ಬೆಂಗಳೂರಿಗೆ ಬಂದು ಎಸ್.ಪಿ. ರೋಡಲ್ಲಿ ತಗೊಳ್ಳೋದೋ, ಇಲ್ಲೇನೋ, ಆನ್‌ಲೈನೋ?

ನ್ಯೂಟ್ರಲ್_ಲಿಂಕ್
3,000ದಲ್ಲಿ ಮೀಟರೂ ಬರ್ಬೇಕಾ? ಲೆಕ್ಕ ತಲೆಕೆಳಗಾಗಿದೆ ಗುರು.

ಲೈನ್‌ಟೆಸ್ಟರ್
ತಲೆಕೆಳಗು ಅನ್ನೋದು ನಿಜ. ಮೆಷಿನ್ ಬಾಡಿಗೆಗೆ ಸಿಗುತ್ತೆ. ಕರೆಂಟ್ ಇದೆಯೋ ಇಲ್ವೋ ಹೇಳೋ ಸಾಧನ, ಜಾಯಿಂಟ್ ಗಟ್ಟಿ ಮಾಡೋ ಸಾಧನ ಮಾತ್ರ ದಿನಾ ಬೇಕು, ನಿಮ್ಮದೇ ಆಗಿರಬೇಕು. ಮೊದಲು ಮೀಟರ್, ವೈರ್ ಸುಲಿಯೋ ಸ್ಟ್ರಿಪ್ಪರ್, ವೈರ್ ತುದಿಗೆ ಲಗ್ ಒತ್ತಿ ಕೂರಿಸೋ ಕ್ರಿಂಪರ್, ಒಳ್ಳೇ ಸ್ಕ್ರೂ ಡ್ರೈವರ್. ಆಮೇಲೆ ಒಂದು ರೋಟರಿ ಹ್ಯಾಮರ್. ಮಾರ್ಬಲ್ ಕಟರ್, ಕಾರ್ಡ್‌ಲೆಸ್ ಎರಡೂ ಪಟ್ಟಿಯಿಂದ ಕಿತ್ತಾಕಿ.

ಪ್ಲೇಯರ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಟಪಾರಿಯಾ 1621-8, ಅಂದ್ರೆ 8 ಇಂಚಿನ ಕಾಂಬಿನೇಷನ್ ಪ್ಲೇಯರ್, 6 ಇಂಚಿನ ಸೈಡ್ ಕಟರ್, 6 ಇಂಚಿನ ಲಾಂಗ್ ನೋಸ್. ಈ ಮೂರೂ ಜಿಲ್ಲಾ ಕೇಂದ್ರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದ್ರೂ ಸಿಗುತ್ತೆ, ಅದಕ್ಕೆ ಬೆಂಗಳೂರು ಬಸ್ ಹತ್ತೋದು ಬೇಡ. ತಗೊಳ್ಳುವಾಗ ಬಾಯಿ ಮುಚ್ಚಿ ಬೆಳಕಿಗೆ ಹಿಡೀರಿ: ಕತ್ತರಿಸೋ ಅಂಚಿನ ಮಧ್ಯೆ ಗೆರೆ ಬೆಳಕು ಕಾಣಬಾರದು. ಆಮೇಲೆ ಒಂದು ತೆಳು ಕಾಗದ ಕತ್ತರಿಸಿ ನೋಡಿ. ತುದಿಯಿಂದ ಬುಡದ ತನಕ ಒಂದೇ ಸಮ ಕಡಿದ್ರೆ ಓಕೆ.

ಗ್ರೂವ್_ಕಟಿಂಗ್
ಲೈನ್‌ಟೆಸ್ಟರ್ ಸಾರ್ ಹೇಳೋದು ಪುಸ್ತಕದ ಪ್ರಕಾರ ಸರಿ. ಆದ್ರೆ ಹೊಸ ಮನೆ ಅಂದ್ರೆ ಮೊದಲ ವಾರದ ಕೆಲಸವೇ ಗೋಡೆ ಕೊರೆಯೋದು. ದುಡ್ಡು ಬರೋದು ಅಲ್ಲಿಂದ. ಕಟರ್ ಇಲ್ಲದೆ ಉಳಿ ಸುತ್ತಿಗೆ ಹಿಡ್ಕೊಂಡು ಕೂತ್ರೆ ಗಾರೆಯವರು ಮುಂದೆ ಹೋಗಿರ್ತಾರೆ, ಓನರ್ ಫೋನ್ ಮಾಡ್ತಾ ಇರ್ತಾನೆ. ಮೀಟರ್ ಬೇಕಾಗೋದು ಕೊನೆಗೆ, ಅದನ್ನ ಎರಡನೇ ಬಿಲ್ ಬಂದ ಮೇಲೆ ತಗೊಳ್ಳಲಿ.

ಮೆಗ್ಗರ್_ಮೇಷ್ಟ್ರು
ಹಳೇ ಮನೆ ರಿಪೇರಿಯನ್ನೂ ಮಾಡ್ತೀನಿ ಅಂತ ಬರೆದಿದ್ದಾನಲ್ಲಪ್ಪ. ಅಲ್ಲಿ ಮೊದಲ ನಿಮಿಷದಿಂದ್ಲೇ ಮೀಟರ್ ಬೇಕು.

ಗ್ರೂವ್_ಕಟಿಂಗ್
ಅಲ್ಲಿಗೆ ಟೆಸ್ಟರ್ ಸಾಕು ಮೇಷ್ಟ್ರೇ. ಇಷ್ಟು ವರ್ಷ ಊರೆಲ್ಲ ನಡೆದದ್ದು ಅದರಲ್ಲೇ.

ಮೆಗ್ಗರ್_ಮೇಷ್ಟ್ರು
ಇದನ್ನ ಬಿಡಿಸಿ ಹೇಳ್ಲೇಬೇಕು. ನಿಯಾನ್ ಟೆಸ್ಟರ್ ಒಳಗೆ ದೊಡ್ಡ ರೆಸಿಸ್ಟರ್ ಒಂದು, ನಿಯಾನ್ ಬಲ್ಬ್ ಒಂದು, ಉಳಿದ ಸರ್ಕ್ಯೂಟ್ ನಿಮ್ಮ ಮೈ. ನೀವು ಒಣ ಮರದ ಏಣಿ ಮೇಲೆ ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಂತಿದ್ರೆ ಬೆಳಕು ಮಂಕಾಗುತ್ತೆ. ಟೆರೇಸಿನ ಬಿಸಿಲಲ್ಲಿ ಉರಿದ್ರೂ ಕಾಣಲ್ಲ. ಬಲ್ಬ್ ಸತ್ತಿದ್ರೂ "ಕರೆಂಟ್ ಇಲ್ಲ" ಅಂತಲೇ ಹೇಳುತ್ತೆ. ಉರಿದಾಗ ಮಾತ್ರ ನಂಬಬಹುದು, ಉರಿಯದಿದ್ದಾಗ ನಂಬಬಾರದು. ಜೀವ ಹೋಗೋದು ಉರಿಯದಿದ್ದಾಗಲೇ ಅಲ್ವಾ?

ಕರೆಂಟ್ ಇಲ್ಲ ಅಂತ ಖಾತ್ರಿ ಮಾಡೋ ಕ್ರಮ ಇಷ್ಟೇ. ಮೊದಲು ಕರೆಂಟ್ ಖಂಡಿತ ಇರೋ ಒಂದು ಪಾಯಿಂಟಲ್ಲಿ ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಬೇಕಾದ ಜಾಗದಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ನೋಡಿ, ಮತ್ತೆ ಮೊದಲಿನ ಪಾಯಿಂಟಿಗೆ ಹೋಗಿ ಮೀಟರ್ ಇನ್ನೂ ಸರಿ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ.

ಧಾರವಾಡದಾಂವ
ಟೆಸ್ಟರ್ ಸಾಕೆಟ್ಟಿನ ಎರಡೂ ತೂತಿನ್ಯಾಗ ಉರೀತು ಅಂದ್ರ ನ್ಯೂಟ್ರಲ್ ಕಟ್ ಆಗೇತಿ ಅಂತ ತಿಳೀರಿ. ಯಾವ್ದೋ ಲೋಡಿನ ಮೂಲಕ ಫೇಸ್ ತಿರುಗಿ ನ್ಯೂಟ್ರಲ್ ವೈರಿಗೆ ಬಂದಿರ್ತೈತಿ. ಇಷ್ಟಕ್ಕ ಮಾತ್ರ ಟೆಸ್ಟರ್ ಭಾಳ ಛಲೋ. ಅದಕ್ಕ ಕಿಸೆದಾಗ ಇರ್ಲಿ, ಆದ್ರ ಅದೊಂದ ನಂಬಿ ಕೂಡಬ್ಯಾಡ್ರಿ.

ಎಂಸಿಬಿ_32
ಟೆಸ್ಟ್ ಲ್ಯಾಂಪ್ ಯಾರೂ ಹೇಳ್ಲಿಲ್ಲವಲ್ಲ? ಒಂದು ಹೋಲ್ಡರ್, ಒಂದು ಬಲ್ಬ್, ಎರಡು ವೈರ್. 100 ರೂಪಾಯಿ ಖರ್ಚಿಲ್ಲ, ಮೀಟರಿಗಿಂತ ನಿಜ ಹೇಳುತ್ತೆ.

ಲೈನ್‌ಟೆಸ್ಟರ್
ಅದರಲ್ಲಿ ಸತ್ಯ ಇದೆ. ಡಿಜಿಟಲ್ ಮೀಟರಿನ ಒಳ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಎಲ್ಲೂ ಸೇರದೆ ಪೈಪಲ್ಲಿ ತೂಗಾಡ್ತಿರೋ ವೈರ್, ಪಕ್ಕದ ಲೈವ್ ವೈರಿಂದ ಹತ್ತಿದ ಸುಳ್ಳು ವೋಲ್ಟೇಜಿಗೇ 40, 60, 90 ವೋಲ್ಟ್ ತೋರಿಸುತ್ತೆ. ಹೊಸಬರು ಅಲ್ಲೇ ದಾರಿ ತಪ್ಪೋದು. ಟೆಸ್ಟ್ ಲ್ಯಾಂಪ್ ಹಾಕಿದ ಕೂಡಲೇ ಆ ಸುಳ್ಳು ವೋಲ್ಟೇಜ್ ಸೊನ್ನೆಗೆ ಬೀಳುತ್ತೆ.

ಆದ್ರೆ ತ್ರೀ ಫೇಸಿನ 415 ವೋಲ್ಟಿಗೆ ಒಂದೇ ಬಲ್ಬ್ ಹಾಕ್ಬೇಡಿ, ಒಡೆಯುತ್ತೆ. ಎರಡು ಫೇಸ್ ಮಧ್ಯೆ ನೋಡೋದಾದ್ರೆ ಒಂದೇ ವ್ಯಾಟಿನ ಎರಡು ಬಲ್ಬ್ ಸೀರೀಸಲ್ಲಿ. ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ಅಲ್ಲ. ಎಲ್‌ಇಡಿ ಸುಳ್ಳು ವೋಲ್ಟೇಜಿಗೂ ಮಿಣುಕುತ್ತೆ.

ಎಂಸಿಬಿ_32
ಅರ್ತ್ ಸರಿ ಇದೆಯಾ ನೋಡೋಕೂ ಅದೇ ಲ್ಯಾಂಪ್: ಫೇಸ್‌ಗೂ ಅರ್ತ್‌ಗೂ ಹಾಕಿ. ಜೋರಾಗಿ ಉರಿದ್ರೆ ಅರ್ತ್ ಚೆನ್ನಾಗಿದೆ.

ಮೆಗ್ಗರ್_ಮೇಷ್ಟ್ರು
ದಯವಿಟ್ಟು ಇದನ್ನ ಕಲಿಸ್ಬೇಡಿ. ಒಂದು, ಆರ್‌ಸಿಸಿಬಿ (ಅರ್ತಿಗೆ ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಇರೋ ಮನೆಯಲ್ಲಿ ಕೂಡಲೇ ಟ್ರಿಪ್ ಆಗುತ್ತೆ. 100 ವ್ಯಾಟ್ ಬಲ್ಬ್ ಎಳೆಯೋದು 0.43 ಆಂಪ್, 15 ವ್ಯಾಟಿನದೂ 65 ಮಿಲಿಆಂಪ್. ಆರ್‌ಸಿಸಿಬಿ ಬೀಳೋದು 30ಕ್ಕೆ. ಎರಡು, ಅರ್ತ್ ಎಲ್ಲೋ ಕಟ್ ಆಗಿದ್ರೆ ಬಲ್ಬಿನ ಮೂಲಕ ಫೇಸ್ ಹೋಗಿ ಆ ಅರ್ತ್ ವೈರಿಗೆ ಸೇರಿದ ಎಲ್ಲ ಲೋಹದ ಬಾಡಿಗೂ ಕೂರುತ್ತೆ: ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್. ನೀವು ಇಲ್ಲಿ ಬಲ್ಬ್ ಉರಿಯುತ್ತಾ ಅಂತ ನೋಡ್ತಿರ್ತೀರಿ, ಅಲ್ಲಿ ಮನೆಯವರು ಫ್ರಿಜ್ ಬಾಗಿಲು ಹಿಡಿದಿರ್ತಾರೆ.

ಎಂಸಿಬಿ_32
ಆರ್‌ಸಿಸಿಬಿ ಮಾತು ಒಪ್ಪಿದೆ. ಹಳೇ ಮನೇಲಿ ಆರ್‌ಸಿಸಿಬಿ ಎಲ್ಲಿರುತ್ತೆ ಸಾರ್?

ಮೆಗ್ಗರ್_ಮೇಷ್ಟ್ರು
ಇಲ್ಲದ ಮನೆಯಲ್ಲೇ ಎರಡನೇ ಅಪಾಯ ಜಾಸ್ತಿ.

ಹಾಸನ_ಹುಡುಗ
ಸರಿ, ಮೀಟರ್ ಮೊದಲು. ಯಾವುದು? ಹಳದಿ ಬಣ್ಣದ ಸಣ್ಣ 830 ಮಾದರಿ 200–300 ರೂಪಾಯಿಗೆ ಸಿಗುತ್ತೆ. ಅದಕ್ಕೂ 4,500ರದ್ದಕ್ಕೂ ವ್ಯತ್ಯಾಸ ಏನು? ಎರಡೂ 230 ತೋರಿಸುತ್ತೆ.

ಲೈನ್‌ಟೆಸ್ಟರ್
230 ಎರಡೂ ತೋರಿಸುತ್ತೆ. ತಪ್ಪು ಮಾಡಿದಾಗ ಏನಾಗುತ್ತೆ ಅನ್ನೋದ್ರಲ್ಲಿ ವ್ಯತ್ಯಾಸ.

830 ಮಾದರಿಯ 10 ಆಂಪ್ ತೂತಿನ ಪಕ್ಕ ಓದಿ ನೋಡಿ, "ಅನ್‌ಫ್ಯೂಸ್ಡ್" ಅಂತ ಬರೆದಿರುತ್ತೆ. ಕೆಂಪು ಪ್ರೋಬ್ ಆ ತೂತಲ್ಲಿ ಉಳಿದುಹೋಗಿ, ಹಾಗೇ ಸಾಕೆಟ್‌ಗೆ ಚುಚ್ಚಿದ್ರೆ ಅದು ಫೇಸ್-ನ್ಯೂಟ್ರಲ್ ಡೈರೆಕ್ಟ್ ಶಾರ್ಟ್, ನಡುವೆ ಫ್ಯೂಸ್ ಇಲ್ಲ. ಮೇನ್ ಬೋರ್ಡಲ್ಲಿ ಹಾಗಾದ್ರೆ ಸಾವಿರಾರು ಆಂಪ್ ಫಾಲ್ಟ್ ಕರೆಂಟ್ ಹರಿಯುತ್ತೆ, ಪ್ರೋಬ್ ತುದಿ ಆವಿಯಾಗಿ ಮುಖಕ್ಕೆ ಬರುತ್ತೆ.

ಮೀಟರ್ ಮೇಲೆ ಕ್ಯಾಟ್ ರೇಟಿಂಗ್ ನೋಡಿ, ಯಾವ ಜಾಗದ ತನಕ ಬಳಸಿದ್ರೆ ಸುರಕ್ಷಿತ ಅಂತ ಹೇಳೋ ಗುರುತು ಅದು. ಕ್ಯಾಟ್ 2 ಅಂದ್ರೆ ಸಾಕೆಟ್‌ಗೆ ಸಿಗಿಸೋ ಸಾಮಾನಿನ ಮಟ್ಟ. ಕ್ಯಾಟ್ 3 ಅಂದ್ರೆ ಡಿಸ್ಟ್ರಿಬ್ಯೂಷನ್ ಬೋರ್ಡ್ ಮಟ್ಟ. ಕ್ಯಾಟ್ 4 ಅಂದ್ರೆ ಸರ್ವಿಸ್ ಲೈನ್, ಎಸ್ಕಾಂ ಮೀಟರ್ ಇರೋ ಕಡೆ. ಮನೆ ವೈರಿಂಗಿಗೆ ಕಡಿಮೆ ಅಂದ್ರೂ ಕ್ಯಾಟ್ 3, 600 ವೋಲ್ಟ್. ಫ್ಲೂಕ್ 101 ಆ ರೇಟಿಂಗಿಂದು. ಅಂಗೈಯಷ್ಟಿದೆ, ಎರಡು ಎಎಎ ಸೆಲ್ ಸಾಕು. ಅದರಲ್ಲಿ ಆಂಪಿಯರ್ ಅಳತೆಯೇ ಇಲ್ಲ, ಹಾಗಾಗಿ ತಪ್ಪು ತೂತಿಗೆ ಪ್ರೋಬ್ ಹಾಕೋ ಪ್ರಶ್ನೆಯೂ ಇಲ್ಲ. ಹೊಸಬರಿಗೆ ಅದು ಕೊರತೆ ಅಲ್ಲ, ಲಾಭ.

ಪ್ರೋಬ್ ವೈರ್ ಮೇಲೂ ಕ್ಯಾಟ್ 3 ಅಂತ ಇರಬೇಕು. ಒಳ್ಳೇ ಮೀಟರಿಗೆ 50 ರೂಪಾಯಿ ಪ್ರೋಬ್ ಹಾಕಿದ್ರೆ ಎಲ್ಲ ಹಾಳು.

ನ್ಯೂಟ್ರಲ್_ಲಿಂಕ್
ಆಂಪ್ ಬೇಕಾದ್ರೆ ವೈರ್ ಸುತ್ತ ಇಕ್ಕಳದ ಹಾಗೆ ಹಿಡಿಯೋ ಕ್ಲ್ಯಾಂಪ್ ಮೀಟರ್. ವೈರ್ ಬಿಚ್ಚೋ ಗೋಜೇ ಇಲ್ಲ.

ಕುಡ್ಲ_ಕರೆಂಟ್
ಕ್ಲ್ಯಾಂಪ್ ತೆಗೆದುಕೊಳ್ಳುವುದಾದರೆ ಕೆಳಗಿನ ರೇಂಜ್ ಎಷ್ಟು ಉಂಟು ಅಂತ ನೋಡಿ ಮಾರಾಯ್ರೆ. 400 ಆಂಪ್, 600 ಆಂಪ್ ಅಂತ ದೊಡ್ಡದಾಗಿ ಬರೆದದ್ದು ಮನೆ ಕೆಲಸಕ್ಕೆ ಎಂತಕ್ಕೆ? ಯೂನಿ-ಟಿಯ 210ಇ ಮಾದರಿಗೆ 2 ಆಂಪ್ ರೇಂಜ್ ಉಂಟು, 1 ಮಿಲಿಆಂಪ್ ತನಕ ತೋರಿಸ್ತದೆ, ಡಿಸಿ ಸಹ ಅಳೆಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ "ಆರ್‌ಸಿಸಿಬಿ ನಿಲ್ಲುವುದಿಲ್ಲ" ಅಂತಲೇ ಮುಕ್ಕಾಲು ಫೋನ್ ಬರುವುದು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಒಳಗೆ ಹಾಕಿದರೆ ಸೊನ್ನೆ ಬರಬೇಕು. ಬಾರದೆ 12, 18, 25 ಮಿಲಿ ತೋರಿಸಿದರೆ ಅಷ್ಟು ಅರ್ತಿಗೆ ಸೋರುತ್ತಾ ಉಂಟು ಅಂತ. ಒಂದೊಂದೇ ಸರ್ಕ್ಯೂಟ್ ನೋಡ್ತಾ ಹೋಗಿ, ಕಳ್ಳ ಸಿಕ್ತಾನೆ. ಹೆಚ್ಚಾಗಿ ಗೀಸರ್ ಕಾಯಿಲ್, ಇಲ್ಲದಿದ್ದರೆ ಹೊರಗಿನ ಗೇಟ್ ಲೈಟಿನ ಜಾಯಿಂಟ್.

ಆದರೆ ಅದರ ರೇಟಿಂಗ್ ಕ್ಯಾಟ್ 3ರಲ್ಲಿ ಬರೇ 300 ವೋಲ್ಟ್. ತ್ರೀ ಫೇಸ್ ಪ್ಯಾನೆಲಿಗೆ ಅದರ ಪ್ರೋಬ್ ಚುಚ್ಚಬೇಡಿ ಆಯ್ತಾ.

ಗ್ರೂವ್_ಕಟಿಂಗ್
ನೋಡಿ, ಹುಡುಗ 20 ಸಾವಿರ ಅಂದಿದ್ದ, ನೀವು ಮೀಟರಲ್ಲೇ 9 ಸಾವಿರ ಮುಗಿಸಿದ್ರಿ.

ಕುಡ್ಲ_ಕರೆಂಟ್
ಕ್ಲ್ಯಾಂಪ್ ಆಮೇಲೆ ತೆಗೆದುಕೊಳ್ಳಲಿ ಅಂತಲೇ ನಾನು ಹೇಳುವುದು.

ಎಂಸಿಬಿ_32
ಸ್ಕ್ರೂ ಡ್ರೈವರ್ ಬಗ್ಗೆ ಒಂದು ಮಾತು. ಎಂಸಿಬಿ (ಓವರ್‌ಲೋಡ್ ಆದ್ರೆ ತಾನೇ ಬೀಳೋ ಸ್ವಿಚ್) ಸ್ಕ್ರೂ ಹತ್ರದಿಂದ ನೋಡಿ: ಪ್ಲಸ್ ಗುರುತಿನ ಮಧ್ಯೆ ಓರೆಯಾಗಿ ನಾಲ್ಕು ಸಣ್ಣ ಗೀರು ಇದ್ರೆ ಅದು ಪೋಜಿಡ್ರೈವ್, ಫಿಲಿಪ್ಸ್ ಅಲ್ಲ. ಸಾಮಾನ್ಯ ಸ್ಟಾರ್ ಡ್ರೈವರ್ ಹಾಕಿ ಜೋರು ಕೊಟ್ರೆ ಜಾರಿ ಮೇಲೆ ಬರುತ್ತೆ, ತಲೆ ತಿಂದುಹಾಕುತ್ತೆ. ಟೈಟ್ ಆಯ್ತು ಅಂದ್ಕೊಂಡಿರ್ತೀರಿ, ಆಗಿರಲ್ಲ. ಆರು ತಿಂಗಳಲ್ಲಿ ಆ ಎಂಸಿಬಿ ಕಪ್ಪಗಾಗಿ ಕರಗಿರುತ್ತೆ, ಬೈಗುಳ ಕಂಪನಿಗೆ. ಪೋಜಿ 2 ನಂಬರ್ ಒಂದು, ಚಪ್ಪಟೆ 5.5 ಎಂಎಂ ಒಂದು, 3 ಎಂಎಂ ಒಂದು, ಫಿಲಿಪ್ಸ್ 2 ನಂಬರ್ ಒಂದು. ನಾಲ್ಕೇ ಸಾಕು, ಆದ್ರೆ ಶಾಫ್ಟ್ ಮೇಲೂ ಇನ್ಸುಲೇಷನ್ ಹೊದಿಕೆ ಇರೋದು ಬೇಕು. ಬರೀ ಹಿಡಿ ಪ್ಲಾಸ್ಟಿಕ್ ಆಗಿದ್ರೆ ಸಾಲದು. 32 ಡ್ರೈವರ್ ಇರೋ ಡಬ್ಬಿ ಸೆಟ್ ಮೊಬೈಲ್ ಅಂಗಡಿಯವರಿಗೆ.

ಮೆಗ್ಗರ್_ಮೇಷ್ಟ್ರು
ಇನ್ಸುಲೇಟೆಡ್ ಅಂತ ಅಂಗಡಿಯವನು ಹೇಳಿದ್ದನ್ನೆಲ್ಲ ನಂಬೋದಲ್ಲ. ಲೈವ್ ಕೆಲಸಕ್ಕೆ ಅಂತಲೇ ಮಾಡಿದ ಹ್ಯಾಂಡ್ ಟೂಲ್ ಮೇಲೆ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ ಇರುತ್ತೆ, ಐಇಸಿ 60900 ಅಂತ ಸ್ಟ್ಯಾಂಡರ್ಡ್ ನಂಬರೂ ಇರುತ್ತೆ. ಅಂಥದ್ದನ್ನ 10,000 ವೋಲ್ಟಲ್ಲಿ ಪರೀಕ್ಷೆ ಮಾಡಿರ್ತಾರೆ. ಪ್ಲೇಯರ್ ಹಿಡಿಗೆ ಅದ್ದಿ ತೆಗೆದ ತೆಳು ಕೆಂಪು ರಬ್ಬರ್ ಕೈ ಜಾರದ ಹಾಗೆ ಹಿಡಿಯೋದಕ್ಕೆ, ಅಷ್ಟೇ. ಹಿಡಿ ಸೀಳಿದ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಬಳಸೋದನ್ನ ಪ್ರತಿ ಸೈಟಲ್ಲೂ ನೋಡಬಹುದು. ಸೀಳಿದ್ದನ್ನ ಎಸೀಬೇಕು.

ಇನ್ನು ಗ್ಲೌಸ್. ಕ್ಲಾಸ್ 0 ಅಂದ್ರೆ 1000 ವೋಲ್ಟ್, ಕ್ಲಾಸ್ 00 ಅಂದ್ರೆ 500. ಈ ಗುರುತಿಲ್ಲದ ಕಿತ್ತಳೆ, ಕಪ್ಪು ಗ್ಲೌಸ್ ಗಾರ್ಡನ್ ಕೆಲಸಕ್ಕೆ ಲಾಯಕ್ಕು.

ಧಾರವಾಡದಾಂವ
ಬ್ಲೇಡಿನಿಂದ ವೈರ್ ಸುಲಿಯೋ ಚಟ ಬಿಡ್ರಿ ಮೊದಲ. ಈಗಿನ ವೈರ್ ಎಲ್ಲಾ ಸಣ್ಣ ಸಣ್ಣ ಎಳೀದು. ಬ್ಲೇಡ್ ಸುತ್ತ ತಿರುವಿದ್ರ ಹೊರಗಿನ ನಾಕೈದು ಎಳಿ ಕಟ್ ಆಗ್ತಾವ. 2.5ರ (ಚದರ ಎಂಎಂ) ವೈರ್ ಹಾಕೀವಿ ಅಂತ ಬಿಲ್ ಮಾಡ್ತೀರಿ, ತುದಿಗೆ 2 ಅಷ್ಟ ಉಳಿದಿರ್ತೈತಿ. ಬಿಸಿ ಆಗೋದು ಅಲ್ಲೇ. ಮಲ್ಟಿಟೆಕ್ ಸ್ಟ್ರಿಪ್ಪರ್ ಸಾಕ್ರಿ, ಸ್ಕ್ರೂ ತಿರುವಿ ಅಳತಿ ಕೂಡಿಸಬಹುದು. ಮೊದಲ ಒಂದ ತುಂಡಿನ ಮ್ಯಾಲೆ ಹಚ್ಚಿ, ಎಳಿ ಮ್ಯಾಲೆ ಗೀರು ಬಿದ್ದೈತೇನು ನೋಡಿ, ಆಮ್ಯಾಲೆ ಕೆಲಸಕ್ಕ ಇಳೀರಿ.

ನ್ಯೂಟ್ರಲ್_ಲಿಂಕ್
ಹಲ್ಲಲ್ಲಿ ಸುಲಿಯೋರು ಇನ್ನೂ ಇದ್ದಾರೆ ಧಾರವಾಡದಣ್ಣ.

ಧಾರವಾಡದಾಂವ
ಅವರಿಗೆ ಹಲ್ಲಿನ ಡಾಕ್ಟರ್ ಬಿಲ್ ಬರ್ಲಿ, ತಿಳೀತದ.

ಲೈನ್‌ಟೆಸ್ಟರ್
ಸುಲಿದ ಮೇಲೆ ಕ್ರಿಂಪಿಂಗ್. ಎಳೆ ವೈರನ್ನ ಹಾಗೇ ಎಂಸಿಬಿ ಬಾಯಿಗೆ ತುರುಕಿದ್ರೆ ಸ್ಕ್ರೂ ಕೆಳಗೆ ಎಳೆಗಳು ಹರಡಿಕೊಳ್ತವೆ, ಒಂದೆರಡು ಹೊರಗೆ ಉಳೀತವೆ. ಪಿನ್ ಲಗ್, ಅಂದ್ರೆ ವೈರ್ ತುದಿಗೆ ಹಾಕೋ ಲೋಹದ ಕೊಳವೆ, ಹಾಕಿ ಒತ್ತಿದ್ರೆ ಎಲ್ಲ ಎಳೆಯೂ ಒಳಗಿರುತ್ತೆ. ಅದಕ್ಕೆ ಎಚ್‌ಎಸ್‌ಸಿ8 6-4 ಮಾದರಿಯ ರ‍್ಯಾಚೆಟ್ ಕ್ರಿಂಪರ್ ತಗೊಳ್ಳಿ: 0.25ರಿಂದ 6 ಚದರ ಎಂಎಂ ತನಕ ತಾನೇ ಹೊಂದಿಕೊಳ್ಳುತ್ತೆ, ನಾಲ್ಕೂ ಬದಿಯಿಂದ ಒತ್ತುತ್ತೆ, ಪೂರ್ತಿ ಒತ್ತೋ ತನಕ ಬಿಡಲ್ಲ. ಪ್ಲೇಯರಲ್ಲಿ ಅಮುಕಿದ ಲಗ್ ಎಳೆದ್ರೆ ಕೈಗೇ ಬರುತ್ತೆ.

ಮೇನ್ ವೈರ್ 10, 16 ಚದರ ಎಂಎಂ ಆದ್ರೆ ಇದು ಸಾಲದು, ಡೋವೆಲ್ಸ್ ತರದ ದೊಡ್ಡ ಕ್ರಿಂಪರ್ ಬೇಕು. ಅದನ್ನ ಬಾಡಿಗೆಗೆ ತನ್ನಿ ಅಥವಾ ಪ್ಯಾನೆಲ್ ಅಂಗಡಿಯಲ್ಲಿ ಒತ್ತಿಸಿಕೊಂಡು ಬನ್ನಿ. ಕಂಬದಿಂದ ಬಂದ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಸುತ್ತಿ ಟೇಪ್ ಹಾಕೋದು ಮಾತ್ರ ಬೇಡ. ಎರಡು ಲೋಹ ಸೇರಿದ ಕಡೆ ಆಕ್ಸೈಡ್ ಕಟ್ಟಿ ಬಿಸಿಯಾಗುತ್ತೆ. ಅದಕ್ಕೆ ಬೈಮೆಟಲ್ ಲಗ್ ಇದೆ.

ಗ್ರೂವ್_ಕಟಿಂಗ್
ಈಗ ಮೆಷಿನಿಗೆ ಬರೋಣ್ವಾ? ಹುಡುಗ ಕೇಳಿದ್ದು ಅದನ್ನೇ.

ಇಂಪ್ಯಾಕ್ಟ್ ಡ್ರಿಲ್ಲೋ ರೋಟರಿ ಹ್ಯಾಮರೋ? ಇಂಪ್ಯಾಕ್ಟ್ ಡ್ರಿಲ್ ಒಳಗೆ ಎರಡು ಹಲ್ಲಿನ ತಟ್ಟೆ ಉಜ್ಜಿಕೊಂಡು ನಡುಗೋದು ಅಷ್ಟೇ, ಒತ್ತೋದು ನಿಮ್ಮ ಭುಜ. ಇಟ್ಟಿಗೆಗೆ 6 ಎಂಎಂ ತೂತು ಸಲೀಸು. ಆರ್‌ಸಿಸಿ ಸ್ಲ್ಯಾಬಿಗೆ ಆಂಕರ್ ಹೊಡೀಬೇಕಾದ್ರೆ ಅಳುತ್ತೆ. ರೋಟರಿ ಹ್ಯಾಮರಲ್ಲಿ ಪಿಸ್ಟನ್ ಗಾಳಿ ಒತ್ತಿ ಹೊಡೆಯುತ್ತೆ, ನೀವು ಹಿಡ್ಕೊಂಡಿದ್ರೆ ಸಾಕು. ಬಾಷ್ ಜಿಬಿಎಚ್ 220 ತರದ 2 ಕೆಜಿ ಆಸುಪಾಸಿನ ಮೆಷಿನ್: 720 ವ್ಯಾಟ್, 2 ಜೂಲ್ ಏಟು. ಮನೆ ಕೆಲಸಕ್ಕೆ ಅದು ಧಾರಾಳ. ಬಿಟ್ ಎಸ್‌ಡಿಎಸ್ ಪ್ಲಸ್ದೇ ಬೇಕು, ಅಂದ್ರೆ ಬುಡದಲ್ಲಿ ಗೀರು ಇದ್ದು ಮೆಷಿನಿಗೆ ಸಿಕ್ಕಿಸೋ ತರದ್ದು.

ಕೊಳ್ಳುವಾಗ ಸೆಲೆಕ್ಟರ್ ಗುಂಡಿಯ ಚಿತ್ರ ನೋಡಿ. ಡ್ರಿಲ್ ಚಿತ್ರ, ಡ್ರಿಲ್ ಜೊತೆ ಸುತ್ತಿಗೆ, ಆಮೇಲೆ ಬರೀ ಸುತ್ತಿಗೆ. ಬರೀ ಸುತ್ತಿಗೆ ಚಿತ್ರ ಇದ್ರೆ ಮಾತ್ರ ಉಳಿ ಹಾಕಿ ಸ್ವಿಚ್ ಬಾಕ್ಸ್ ಜಾಗ ಒಡೆಯಬಹುದು. ಕೆಲವು ಮಾಡೆಲಲ್ಲಿ ಅದು ಇರಲ್ಲ, ಅಂಗಡಿಯವನು ಹೇಳೋದೂ ಇಲ್ಲ. ಬಿಟ್ ಹಾಕೋ ಮುಂಚೆ ಬುಡಕ್ಕೆ ಒಂದು ಚೂರು ಗ್ರೀಸ್.

ಕುಡ್ಲ_ಕರೆಂಟ್
ಕೆಂಪು ಕಲ್ಲಿನ ಗೋಡೆಗೆ ಹ್ಯಾಮರ್ ಮೋಡ್ ಹಾಕಬೇಡಿ. ತೂತು ಅಗಲ ಆಗಿ ಸ್ಕ್ರೂ ಹಿಡಿಯುವ ಪ್ಲಗ್ ಕೂರುವುದೇ ಇಲ್ಲ. ಬರೇ ತಿರುಗುವ ಮೋಡಲ್ಲಿ ಕೊರೆದು, 6ರ ಬದಲು 8 ಎಂಎಂ ಉದ್ದ ಪ್ಲಗ್ ಹಾಕಿ. ಟೈಲ್ಸ್‌ಗೂ ಹಾಗೇ, ಮೇಲಿನ ಹೊಳಪು ಪದರ ದಾಟುವ ತನಕ ಹ್ಯಾಮರ್ ಆಫ್.

ಗ್ರೂವ್_ಕಟಿಂಗ್
ಮಾರ್ಬಲ್ ಕಟರಲ್ಲಿ ಒಂದು ಲೆಕ್ಕ ಇದೆ, ಅದು ತಿಳಿಯದೆ ಜನ ತಗೊಂಡು ಬರ್ತಾರೆ. 25 ಎಂಎಂ ಪೈಪ್ ಹೂತು ಮೇಲೆ 10 ಎಂಎಂ ಆದ್ರೂ ಗಾರೆ ಬರಬೇಕು, ಅಂದ್ರೆ 35 ಎಂಎಂ ಆಳ. 110 ಎಂಎಂ ಬ್ಲೇಡಿನ ಕಟರ್ ಇಳಿಯೋದು 32–34 ಎಂಎಂ ಅಷ್ಟೇ. ಗೋಡೆ ಇನ್ನೂ ಗಾರೆ ಕಾಣದ ಹಸಿ ಗೋಡೆ ಆದ್ರೆ ನಡೆಯುತ್ತೆ, ಮೇಲೆ ಗಾರೆ ಬರುತ್ತಲ್ಲ. ಗಾರೆ ಆದ ಗೋಡೆಯಲ್ಲಿ 125 ಎಂಎಂ ಬ್ಲೇಡ್ ಬೇಕು, ಅದು 40ರ ಹತ್ರ ಇಳಿಯುತ್ತೆ. ಎರಡು ಗೆರೆ ಸಮನಾಗಿ ಕೊಯ್ದು, ಮಧ್ಯದ್ದನ್ನ ಹ್ಯಾಮರ್ ಉಳಿಯಲ್ಲಿ ಎಬ್ಬಿಸಿ. ಕಂಬ, ಬೀಮಿಗೆ ಕಟರ್ ತಾಗಿಸಬೇಡಿ, ಕಬ್ಬಿಣ ಕೊಯ್ದರೆ ಇಂಜಿನಿಯರ್ ಹತ್ರ ಉತ್ತರ ಇರಲ್ಲ. ಗೋಡೆಯಲ್ಲಿ ಅಡ್ಡ ಗೆರೆ ಉದ್ದಕ್ಕೆ ಹೊಡೀಬೇಡಿ, ನೇರ ಕೆಳಗೆ ಮೇಲೆ ಮಾತ್ರ.

ಮೆಗ್ಗರ್_ಮೇಷ್ಟ್ರು
ಈ ವಿಷಯದಲ್ಲಿ ಗ್ರೂವ್ ಅವರಿಗೆ ನೂರಕ್ಕೆ ನೂರು. ಒಂದು ಸೇರಿಸ್ತೀನಿ: ಆ ಧೂಳಲ್ಲಿ ಸಿಲಿಕಾ ಇದೆ. ಕರ್ಚೀಫ್ ಕಟ್ಟಿದ್ರೆ ನಿಲ್ಲಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್, ಮುಚ್ಚಿದ ಕನ್ನಡಕ. ಕಟರಿನ ಗಾರ್ಡ್ ಬಿಚ್ಚಿ ಎಸೆದು ಕೆಲಸ ಮಾಡೋರನ್ನ ನೋಡಿ ಕಲೀಬೇಡ.

ಹಾಸನ_ಹುಡುಗ
ಕಾರ್ಡ್‌ಲೆಸ್ ಪೂರ್ತಿ ಬೇಡ್ವಾ? ಆನ್‌ಲೈನಲ್ಲಿ 48 ವೋಲ್ಟ್, 88 ವೋಲ್ಟ್, 128 ವೋಲ್ಟ್ ಅಂತೆಲ್ಲ 2,500ಕ್ಕೆ ಎರಡು ಬ್ಯಾಟರಿ ಸಮೇತ ಕಾಣ್ತಿದೆ. ಕಂಪನಿದು 18 ವೋಲ್ಟೇ 8,000 ಮೇಲೆ.

ಎಂಸಿಬಿ_32
ಹ್ಹಹ್ಹ, 128 ವೋಲ್ಟ್!

ಲೈನ್‌ಟೆಸ್ಟರ್
ಬ್ಯಾಟರಿ ಒಳಗಿನ ಸೆಲ್ ಎಣಿಸಿ. ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4ರ ಮೇಲೆ. ಐದು ಸೀರೀಸಲ್ಲಿ ಇದ್ರೆ 18. ಅದೇ ಪ್ಯಾಕನ್ನ ತುಂಬಿದಾಗಿನ ಲೆಕ್ಕ ಹಾಕಿ "20 ವೋಲ್ಟ್ ಮ್ಯಾಕ್ಸ್" ಅಂತ ಡಿವಾಲ್ಟ್‌ನವರು ಬರೀತಾರೆ. 18ಕ್ಕೂ 20 ಮ್ಯಾಕ್ಸಿಗೂ ವ್ಯತ್ಯಾಸ ಇಲ್ಲ. ಮೂರು ಸೆಲ್ ಆದ್ರೆ ಹಳೇ ಹೆಸರು 10.8, ಈಗಿನ ಹೆಸರು 12. ಇನ್ನು 128 ಬರಬೇಕಾದ್ರೆ ಮೂವತ್ತಕ್ಕೂ ಹೆಚ್ಚು ಸೆಲ್ ಬೇಕು, ಆ ಅಂಗೈಯಗಲದ ಡಬ್ಬಿಯಲ್ಲಿ ಹಿಡಿಯುತ್ತಾ? ಒಳಗಿರೋದು ಐದೇ, ಕೆಲವಕ್ಕೆ ಅದೂ ಇರಲ್ಲ.

ಸ್ವಿಚ್ ಪ್ಲೇಟ್, ಡಿಸ್ಟ್ರಿಬ್ಯೂಷನ್ ಬೋರ್ಡ್ ಸ್ಕ್ರೂ, ಕೇಸಿಂಗ್ ಕೆಲಸಕ್ಕೆ ಕಂಪನಿಯ 12 ವೋಲ್ಟ್ ಸಾಕು, ಕೈಗೂ ಹಗುರ. ಕ್ಲಚ್ ಇರೋದೇ ತಗೊಳ್ಳಿ, ಇಲ್ಲದಿದ್ರೆ ಪ್ಲಾಸ್ಟಿಕ್ ಪ್ಲೇಟ್ ಸೀಳುತ್ತೆ. ಆದ್ರೆ ಈಗಲ್ಲ. ಒಂದು ಕಂಪನಿಯ ಬ್ಯಾಟರಿ ತಗೊಂಡ ಮೇಲೆ ಮುಂದಿನ ಎಲ್ಲ ಮೆಷಿನ್ ಅದೇ ಕಂಪನಿದೇ ಆಗಬೇಕಾಗುತ್ತೆ, ಯೋಚಿಸಿ ಹೆಜ್ಜೆ ಇಡಿ.

ಶಾರ್ಜಾ_ಕನ್ನಡಿಗ
ಇಲ್ಲಿಂದ ಊರಿಗೆ ಬರೋರ ಕೈಲಿ ಮಕೀಟಾ ಮೆಷಿನ್ ತರಿಸ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಎರಡು ಸಲ ಯೋಚಿಸಿ. ವೋಲ್ಟೇಜ್ ತೊಂದರೆ ಇಲ್ಲ, ಇಲ್ಲೂ 50 ಹರ್ಟ್ಸೇ. ಪ್ಲಗ್ ಮಾತ್ರ ಚೌಕ ಪಿನ್, ಅದನ್ನ ಬದಲಾಯಿಸಬಹುದು. ವಾರಂಟಿ ಇಲ್ಲಿನ ಬಿಲ್ ತೋರಿಸಿದ್ರೆ ಅಲ್ಲಿ ನಡೆಯುತ್ತೋ ಇಲ್ವೋ ಮೊದಲೇ ಕೇಳ್ಕೊಳ್ಳಿ. ಲೂಸ್ ಬ್ಯಾಟರಿಯನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ, ಕೈಚೀಲದಲ್ಲೇ ತರಬೇಕು.

ನ್ಯೂಟ್ರಲ್_ಲಿಂಕ್
ಖರ್ಜೂರದ ಜೊತೆ ಒಂದು ಲೇಸರ್ ಲೆವೆಲ್ ಕಳಿಸಿ ಅಣ್ಣ, ವಾರಂಟಿ ಬೇಡ.

ಸೋಲಾರ್_ಶಿರಾ
2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಚಾವಣಿ ಸೋಲಾರ್ ಕೆಲಸ ಹೆಚ್ಚಾಗಿದೆ, ಮುಂದೆ ಆ ಕಡೆ ಹೋಗೋ ಮನಸ್ಸಿದ್ರೆ ಡಿಸಿ ಅಳೆಯೋ ಕ್ಲ್ಯಾಂಪನ್ನೇ ತಗೊಳ್ಳಿ. ಮನೆಯ 3 ಕಿಲೋವ್ಯಾಟ್ ಸ್ಟ್ರಿಂಗಲ್ಲೇ (ಸೀರೀಸಲ್ಲಿ ಸೇರಿಸಿದ ಪ್ಯಾನೆಲ್ ಸಾಲು) 250–300 ವೋಲ್ಟ್ ಡಿಸಿ ಇರುತ್ತೆ. ಪ್ಯಾನೆಲ್ ವೈರ್ ಸೇರಿಸೋ ಎಂಸಿ4 ಕನೆಕ್ಟರಿಗೆ ಅದರದೇ ಕ್ರಿಂಪರ್ ಬೇಕು: 2.5, 4, 6 ಚದರ ಎಂಎಂ ಬಾಯಿ ಇರೋದು. ಮೇಲೆ ಹೇಳಿದ ಪಿನ್ ಲಗ್ ಕ್ರಿಂಪರಲ್ಲಿ ಒತ್ತಿದ್ರೆ ಬಿಸಿಲಿಗೆ ಕನೆಕ್ಟರ್ ಕರಗುತ್ತೆ. ಲೋಡ್ ಇರುವಾಗ ಎಂಸಿ4 ಎಳೀಬೇಡಿ, ಡಿಸಿ ಆರ್ಕ್ ತಾನಾಗಿ ಆರಲ್ಲ.

ಮೆಗ್ಗರ್_ಮೇಷ್ಟ್ರು
ನನ್ನ ಹೆಸರಿನ ಸಾಧನವನ್ನೇ ಯಾರೂ ಎತ್ತಲಿಲ್ಲ! ಕಾಂಟ್ರಾಕ್ಟರ್ ಲೈಸೆನ್ಸ್ ತನಕ ಹೋಗೋ ಆಸೆ ಇದ್ರೆ ಇನ್ಸುಲೇಷನ್ ಟೆಸ್ಟರ್ (ಮೆಗ್ಗರ್, ವೈರಿನ ಹೊದಿಕೆಯಲ್ಲಿ ಕರೆಂಟ್ ಸೋರುತ್ತಾ ಅಂತ ನೋಡೋದು) ಹೇಗೂ ಬೇಕಾಗುತ್ತೆ. ಸದ್ಯಕ್ಕೆ ಒಂದು ದಿನಕ್ಕೆ ಎರವಲು ತಂದ್ರೂ ನಡೆಯುತ್ತೆ, ಆದ್ರೆ ಹೊಸ ಮನೆ ಕೊಡೋ ಮುಂಚೆ ಹಾಕಲೇಬೇಕು.

ಹೇಗೆ ಅಂದ್ರೆ: ಮೇನ್ ಆಫ್. ಬಲ್ಬ್, ಎಲ್‌ಇಡಿ ಡ್ರೈವರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಡಿಸಿ. ಇಲ್ಲದಿದ್ರೆ ಮೆಗ್ಗರ್ ಬಿಡೋ 500 ವೋಲ್ಟ್ ಡಿಸಿಗೆ ಅವು ಸಾಯ್ತವೆ, ಇಲ್ಲ ತಪ್ಪು ರೀಡಿಂಗ್ ಬರುತ್ತೆ. ಸ್ವಿಚ್ ಎಲ್ಲ ಆನ್. ಫೇಸ್ ನ್ಯೂಟ್ರಲ್ ಒಟ್ಟು ಸೇರಿಸಿ ಅರ್ತ್‌ಗೆ ಒಂದು ಸಲ, ಆಮೇಲೆ ಬಿಡಿಸಿ ಫೇಸ್‌ಗೂ ನ್ಯೂಟ್ರಲ್‌ಗೂ ಒಂದು ಸಲ. 1 ಮೆಗಾಓಮಿಗಿಂತ ಕಡಿಮೆ ಬರಬಾರದು. ಹೊಸ ವೈರಿಂಗಲ್ಲಿ 1ರ ಹತ್ರ ಬಂದ್ರೂ ಅನುಮಾನ ಪಡಬೇಕು, ನೂರರ ಲೆಕ್ಕದಲ್ಲಿ ಬರಬೇಕು. ಕಡಿಮೆ ಬಂದ್ರೆ ಒಂದೊಂದೇ ಸರ್ಕ್ಯೂಟ್ ಬಿಡಿಸ್ತಾ ಹೋಗಿ. ಗಾರೆಯವರ ಮೊಳೆ ಪೈಪ್ ದಾಟಿ ಹೋಗಿರೋದು, ಬಾಕ್ಸಲ್ಲಿ ನೀರು ನಿಂತಿರೋದು ಅಲ್ಲೇ ಸಿಗುತ್ತೆ.

ಕುಡ್ಲ_ಕರೆಂಟ್
ಜೂನ್-ಜುಲೈಯಲ್ಲಿ ನಮ್ಮಲ್ಲಿ ನೂರು ಬರುವುದಿಲ್ಲ ಮೇಷ್ಟ್ರೇ. ಬಾಕ್ಸ್ ಎಲ್ಲ ತೆರೆದಿಟ್ಟು ಎರಡು ದಿನ ಫ್ಯಾನ್ ಗಾಳಿ ಹಾಕಿ ಮತ್ತೆ ನೋಡಬೇಕು.

ಎಂಸಿಬಿ_32
ಎಕ್ಸ್‌ಟೆನ್ಷನ್ ಬೋರ್ಡ್ ಮರೀಬೇಡಿ. ಅಂಗಡಿಯ ರೆಡಿಮೇಡ್ ಸುರುಳಿಯಲ್ಲಿ ಕೂದಲಿನಂಥ ವೈರ್ ಇರುತ್ತೆ. 2.5ರ ಮೂರು ಕೋರ್ ಫ್ಲೆಕ್ಸಿಬಲ್ 25 ಮೀಟರ್ ತಂದು ನೀವೇ ಮಾಡಿ, ಎರಡು 16 ಆಂಪ್ ಸಾಕೆಟ್, ಜೊತೆಗೆ ಬಾಕ್ಸಲ್ಲೇ ಒಂದು 30 ಮಿಲಿಯ ಆರ್‌ಸಿಸಿಬಿ, ಒಂದು 16 ಆಂಪ್ ಎಂಸಿಬಿ. ಸೈಟಲ್ಲಿ ನೀರು ಹಾಕಿ ಕಟರ್ ಓಡಿಸೋದು ನೀವೇ ತಾನೇ? ಮೆಷಿನ್ ಓಡಿಸುವಾಗ ವೈರ್ ಪೂರ್ತಿ ಬಿಚ್ಚಿ, ಸುರುಳಿಯಲ್ಲೇ ಬಿಟ್ರೆ ಒಳಗೆ ಬಿಸಿ ಹಿಡಿದು ಇನ್ಸುಲೇಷನ್ ಮೆತ್ತಗಾಗುತ್ತೆ.

ಹಾಸನ_ಹುಡುಗ
ಎಲ್ಲ ಓದಿದೆ. ಹೊಸ ಲೆಕ್ಕ: ಪ್ಲೇಯರ್ ಮೂರು, ಡ್ರೈವರ್ ನಾಲ್ಕು, ಹ್ಯಾಕ್ಸಾ, ಸುತ್ತಿಗೆ, ಉಳಿ, 20 ಮತ್ತು 25ರ ಬೆಂಡಿಂಗ್ ಸ್ಪ್ರಿಂಗ್, ಟೇಪ್, ಲೆವೆಲ್ ಸೇರಿ 3,500. ಸ್ಟ್ರಿಪ್ಪರ್, ಕ್ರಿಂಪರ್, ಪಿನ್ ಲಗ್ 1,800. ಮೀಟರ್ 4,500. ಟೆಸ್ಟರ್, ಟೆಸ್ಟ್ ಲ್ಯಾಂಪ್ 300. ಆರ್‌ಸಿಸಿಬಿ ಜೊತೆ ಎಕ್ಸ್‌ಟೆನ್ಷನ್ 2,200. ಮಾಸ್ಕ್, ಕನ್ನಡಕ 500. ರೋಟರಿ ಹ್ಯಾಮರ್ 7,000. ಒಟ್ಟು 19,800. ಕಟರ್ ದಿನದ ಬಾಡಿಗೆಗೆ.

ಗ್ರೂವ್_ಕಟಿಂಗ್
ಎರಡು ಮನೆಗೆ ಬಾಡಿಗೆ ಕೊಟ್ಟ ದುಡ್ಡಲ್ಲಿ ಕಟರೇ ಬರುತ್ತೆ, ನೆನಪಿರ್ಲಿ.

ಲೈನ್‌ಟೆಸ್ಟರ್
ಬರುತ್ತೆ. ಆಗ ತಗೊಳ್ಳಲಿ, 125ರದ್ದನ್ನೇ.

ಎಲ್ಲಿ ಕೊಳ್ಳೋದು ಅಂತ ಕೇಳಿದ್ರಲ್ಲ: ಹ್ಯಾಂಡ್ ಟೂಲ್ಸ್ ಹಾಸನದಲ್ಲೇ. ಎಂಸಿಬಿ, ಸಾಕೆಟ್, ಕೇಬಲಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಮೀಟರ್ ಮತ್ತು ಮೆಷಿನಿಗೆ ಎಸ್.ಪಿ. ರೋಡ್, ಎರಡೂ ನಡೆದು ಹೋಗೋ ದೂರ. ಆದ್ರೆ ಮೆಷಿನ್ ಸರ್ವಿಸ್ ಸೆಂಟರ್ ನಿಮ್ಮೂರಲ್ಲಿ ಯಾವ ಕಂಪನಿದಿದೆ ಅಂತ ಮೊದಲು ನೋಡಿ, ಆ ಕಂಪನಿದೇ ತಗೊಳ್ಳಿ. ಬಿಲ್ ಬೇಡ, 18 ಪರ್ಸೆಂಟ್ ಉಳಿಸಿ ಕೊಡ್ತೀನಿ ಅನ್ನೋನ ಹತ್ರ ಮೆಷಿನ್ ಬೇಡ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬಿ ಮೇಲಿನದ್ದು, ಮೆಷಿನ್ ಮೇಲಿನದ್ದು ಎರಡೂ ಒಂದೇನಾ ಅಂತ ಅಲ್ಲೇ ತಾಳೆ ನೋಡಿ. ಅಂಗಡಿಯಲ್ಲೇ ಐದು ನಿಮಿಷ ಓಡಿಸಿ. ಕಾರ್ಬನ್ ಬ್ರಷ್ ಹತ್ರ ಸಣ್ಣ ನೀಲಿ ಕಿಡಿ ಸಹಜ, ಸುತ್ತ ಉಂಗುರದ ಹಾಗೆ ಕಿಡಿ ಹರಿದ್ರೆ ವಾಪಸ್ ಕೊಡಿ. ಒಂದು ಜೊತೆ ಬ್ರಷ್ ಆಗಲೇ ತಗೊಂಡು ಬ್ಯಾಗಲ್ಲಿ ಹಾಕ್ಕೊಳ್ಳಿ.

ಧಾರವಾಡದಾಂವ
ಅಂಗಡಿಗೆ ಹೋಗುವಾಗ 2.5ರ ವೈರ್ ತುಂಡ ಒಂದ ಕಿಸೆದಾಗ ಇಟ್ಕೊಂಡ ಹೋಗ್ರಿ. ಸ್ಟ್ರಿಪ್ಪರ್ ಕೌಂಟರ್ ಮ್ಯಾಲೇ ಹಚ್ಚಿ ನೋಡ್ರಿ, ನಾಚಿಗೊಳ್ಳಬ್ಯಾಡ್ರಿ.

ನ್ಯೂಟ್ರಲ್_ಲಿಂಕ್
1ರದ್ದೂ, 4ರದ್ದೂ ಇಟ್ಕೋ. ಮಧ್ಯದ ಅಳತೆಗೆ ಎಲ್ಲ ಸ್ಟ್ರಿಪ್ಪರೂ ಚೆನ್ನಾಗೇ ಕೆಲಸ ಮಾಡುತ್ತೆ.